ಗಡಿಯಾರದ ಪಾಠ ಈ ವರ್ಷವೇ

ಎರಡನೇ ಕ್ಲಾಸಿನ ಬೆಂಚು ಅಂದರೆ ಗೊತ್ತಲ್ಲ, ಏಳು ವರ್ಷದ ಮಕ್ಕಳ ಅಳತೆಗೆ ಮಾಡಿಸಿದ್ದು. ಅದರಲ್ಲಿ ಬೇಕರಿಯವನು ಮಂಡಿ ಎರಡೂ ಗಲ್ಲಕ್ಕೆ ತಾಗುವ ಹಾಗೆ ಮುದುಡಿಕೊಂಡು ಕೂತಿದ್ದ. ಬೆಳಗಿನ ಜಾವದಿಂದ ಹಿಟ್ಟು ನಾದಿ, ಬ್ರೆಡ್ಡಿನ ಅಚ್ಚುಗಳಿಗೆ ಎಣ್ಣೆ ಸವರಿ, ಓವನ್ನಿನ ಬಾಯಿಗೆ ಮುಖ ಕೊಟ್ಟು ನಿಂತು ಬಂದ ಮನುಷ್ಯ. ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡಿದ್ದರೂ ಹುಬ್ಬಿನಲ್ಲಿ ಮೈದಾ ಹಾಗೇ ಉಳಿದಿತ್ತು. ಪಕ್ಕದಲ್ಲಿದ್ದ ಯಾರದೋ ತಾಯಿ "ಹುಬ್ಬಲ್ಲಿ ಏನೋ ಇದೆ ನೋಡಿ" ಅಂದರೆ ಈ ಮಹಾಶಯ ಒರೆಸಿಕೊಂಡದ್ದು ಇನ್ನೊಂದು ಹುಬ್ಬನ್ನು.

ಆ ಶಾಲೆಯಲ್ಲಿ ಒಂದು ಪದ್ಧತಿ. ತರಗತಿ ಶುರುವಾಗುವ ಮುಂಚೆ ಅಪ್ಪ ಅಮ್ಮಂದಿರನ್ನು ಕರೆದು, ಮಕ್ಕಳು ಕೂರುವ ಜಾಗದಲ್ಲೇ ಅವರನ್ನು ಕೂರಿಸಿ, ಬರುವ ವರ್ಷ ನಿಮ್ಮ ಮಕ್ಕಳು ಏನೇನು ಕಲಿಯುತ್ತಾರೆ ಅಂತ ಮಿಸ್ಸು ಪಾಠ ಮಾಡಿದ ಹಾಗೆ ಹೇಳುವುದು. ಗೋಡೆಗೆ ದೊಡ್ಡದೊಂದು ಚಾರ್ಟು ನೇತುಹಾಕಿದ್ದರು, ಪಾಠಕ್ಕೊಂದು ಚಿತ್ರ. ಮಿಸ್ಸು ಶಾಲೆಗೆ ಹೊಸಬರು, ವಯಸ್ಸೂ ಚಿಕ್ಕದು, ಆದರೆ ಕೋಲು ಹಿಡಿದು ನಿಂತರೆ ದೊಡ್ಡವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳಬೇಕು, ಅಂಥ ದನಿ.

"ಕೂಡೋದು, ಕಳೆಯೋದು ಹೋದ ವರ್ಷ ಬೆರಳಲ್ಲಿ ಆಯ್ತು. ಈ ವರ್ಷ ಬೆರಳು ಮಡಚಿಡ್ತೀವಿ, ತಲೆಯಲ್ಲೇ ಮಾಡ್ಬೇಕು. ಆಮೇಲೆ ಓದೋದು. ಗಿಡ ಹೇಗೆ ಬೆಳೆಯುತ್ತೆ, ಮಳೆ ಎಲ್ಲಿಂದ ಬರುತ್ತೆ. ನಂತರ ಮಕ್ಕಳಿಗೆ ತುಂಬಾ ಇಷ್ಟವಾದ ಪಾಠ." ಮಿಸ್ಸಿನ ಕೋಲು ಒಂದು ದುಂಡನೆಯ ಚಿತ್ರದ ಮೇಲೆ ಬಂದು ನಿಂತಿತು. "ಗಡಿಯಾರ ನೋಡೋದು."

ಬೇಕರಿಯವನು ಧಡಕ್ಕನೆ ಎದ್ದುನಿಲ್ಲಲು ಹೋದ, ಮಂಡಿಗೆ ಸಿಕ್ಕಿಕೊಂಡ ಬೆಂಚೂ ಅವನ ಜೊತೆಗೇ ಎದ್ದಿತು.

"ಅದು ನಾಲ್ಕನೇ ಕ್ಲಾಸಿಗಲ್ವಾ ಮಿಸ್?"

"ಎರಡನೇ ಕ್ಲಾಸಿಗೇ."

"ಮೂರಕ್ಕಾದ್ರೂ ಇಟ್ಕೊಂಡ್ರೆ?"

ಎಲ್ಲರೂ ಗೊಳ್ಳೆಂದು ನಕ್ಕರು. ತರಕಾರಿ ಕೊಳ್ಳಲು ಬಂದವನ ಹಾಗೆ ಪಾಠಕ್ಕೆ ಚೌಕಾಸಿ ಮಾಡುವ ಅಪ್ಪನನ್ನು ಅವರು ಯಾರೂ ನೋಡಿರಲಿಲ್ಲ. ನಗಲಿ ಬಿಡಿ, ಅವರಿಗೇನು ಗೊತ್ತು? ಗೊತ್ತಿದ್ದರೆ ಒಬ್ಬರಾದರೂ ನಗುತ್ತಿದ್ದರಾ?

ಅವನ ಹೆಂಡತಿ ಹೋಗಿ ಮೂರು ವರ್ಷ. ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದವಳು, ಆಪರೇಷನ್ ಆಯಿತು, ಮನೆಗೆ ಬರಲಿಲ್ಲ. ಮಗಳಿಗೆ ಆಗ ನಾಲ್ಕು. ಆಗಿನ ಬೇಕರಿಯ ಜನ ಆ ಮಗುವಿನ ಗುಂಡುಕೆನ್ನೆ ನೋಡಿ ಬನ್ನಮ್ಮ ಅಂತ ಕರೆದಿದ್ದರು, ಆ ಹೆಸರೇ ನಿಂತಿತ್ತು. ಆಸ್ಪತ್ರೆಯ ಆ ದಿನಗಳಲ್ಲಿ ಬನ್ನಮ್ಮನನ್ನು ದೂರದ ಬಂಧುಗಳ ಮನೆಯಲ್ಲಿ ಬಿಟ್ಟಿದ್ದರು. ವಾಪಸು ಕರೆದುಕೊಂಡು ಬಂದಾಗ ಬಾಗಿಲಲ್ಲೇ ಕೇಳಿದಳು, "ಅಮ್ಮ ಯಾವಾಗ ಬರ್ತಾಳೆ?"

ಇಲ್ಲೇ ನೋಡಿ ಆ ಮನುಷ್ಯ ಎಡವಿದ್ದು. ಬೇರೆ ಯಾರಾದರೂ ಆಗಿದ್ದರೆ ನಾಳೆ ಅನ್ನುತ್ತಿದ್ದರು, ನಾಡಿದ್ದು ಅನ್ನುತ್ತಿದ್ದರು, ಅಳು ಬಂದು ನಿಜವನ್ನೇ ಹೇಳಿಬಿಡುತ್ತಿದ್ದರು. ಆದರೆ ಇವನು ಹುಟ್ಟಾ ಬೇಕರಿಯವನು. ಬೇಕರಿಯಲ್ಲಿ "ಯಾವಾಗ" ಅಂದರೆ ಯಾರೂ ಗಂಟೆ ಹೇಳುವುದಿಲ್ಲ. ಬ್ರೆಡ್ಡು ಯಾವಾಗ ಆಗುತ್ತೆ? ಹಿಟ್ಟು ಉಬ್ಬಿದ ಮೇಲೆ. ಹಿಟ್ಟು ಯಾವಾಗ ಉಬ್ಬುತ್ತೆ? ಸೆಖೆ ಬಂದ ಮೇಲೆ. ಬನ್ನು ಯಾವಾಗ ತೆಗೀತೀರ? ಬೆನ್ನು ಕೆಂಪಾದ ಮೇಲೆ. ಇಪ್ಪತ್ತು ವರ್ಷ ಹೀಗೇ ಮಾತಾಡಿದ ನಾಲಿಗೆ ಅದು. ಮಗು ಯಾವಾಗ ಅಂದಾಗ, ಅದರ ಕಣ್ಣು ಗೋಡೆಯ ಗಡಿಯಾರದ ಮೇಲಿದ್ದುದನ್ನು ಕಂಡು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: "ನೀನು ಗಡಿಯಾರ ನೋಡೋಕೆ ಕಲಿತ ಮೇಲೆ."

ನಾಲ್ಕು ವರ್ಷದ ಮಗುವಿಗೆ ಗಡಿಯಾರ! ಅದು ಯಾವ ಕಾಲಕ್ಕೋ ಏನೋ ಅಂದುಕೊಂಡ. ಅಷ್ಟರಲ್ಲಿ ಮರೆಯುತ್ತಾಳೆ, ದೊಡ್ಡವಳಾಗುತ್ತಾಳೆ, ಹೇಗೋ ತಾನೇ ತಿಳಿದುಕೊಳ್ಳುತ್ತಾಳೆ ಅಂದುಕೊಂಡ. ಯಾರಾದರೂ ಬಾಯಿ ಬಿಟ್ಟಾರು ಅಂತ ಹೆದರಿ ಮನೆಯನ್ನೂ ಬದಲಾಯಿಸಿದ, ಬೇಕರಿಯನ್ನೂ ಬದಲಾಯಿಸಿದ. ಗಂಡ ತೀರಿಕೊಂಡು ಒಂಟಿಯಾಗಿದ್ದ ತನ್ನ ಅಕ್ಕನನ್ನು ಕರೆತಂದು ಜೊತೆಗಿಟ್ಟುಕೊಂಡ. ಶಾಲೆಯಲ್ಲಿ ಕೇಳಿದರೆ ತಾಯಿ ದೂರದಲ್ಲಿ ಕೆಲಸದಲ್ಲಿದ್ದಾಳೆ ಅಂದ. ಎಲ್ಲ ಮಾಡಿದ, ಹೇಳುವುದೊಂದನ್ನು ಬಿಟ್ಟು. ಬನ್ನಮ್ಮ ಮರೆಯಲೂ ಇಲ್ಲ, ಅಳಲೂ ಇಲ್ಲ, ಮತ್ತೆ ಕೇಳಲೂ ಇಲ್ಲ. ಅಪ್ಪ ಹೇಳಿದ್ದಾನಲ್ಲ, ಕಲಿತ ಮೇಲೆ ಬರ್ತಾಳೆ ಅಂತ. ಅಪ್ಪ ಹೇಳಿದ ಮೇಲೆ ಬ್ರೆಡ್ಡು ಆಗದೆ ಇದ್ದದ್ದುಂಟಾ?

ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಬೇಕರಿಯವನು ಮಿಸ್ಸಿನ ಮೇಜಿನ ಹತ್ತಿರ ಹೋಗಿ ನಿಂತ.

"ಮಿಸ್, ನಮ್ಮ ಮಗುಗೆ ಗಡಿಯಾರ ಅಂದ್ರೆ ಭಯ."

"ಭಯ? ಗಡಿಯಾರಕ್ಕಾ?"

"ಹ್ಞೂಂ ಮಿಸ್. ಆ ಟಿಕ್ ಟಿಕ್ ಶಬ್ದಕ್ಕೆ." ಇಷ್ಟು ಹೇಳುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂತು. "ಸ್ವಲ್ಪ ಹಿಂದಕ್ಕೆ ಹಾಕಿ. ಬೇಕಾದ್ರೆ ಆ ಗಿಡದ ಪಾಠ ಎರಡು ಸಲ ಮಾಡಿ."

ಮಿಸ್ಸು ಅವನನ್ನೇ ನೋಡಿದರು. ಕುಡಿದು ಬಂದಿದ್ದಾನೋ ಅನ್ನುವ ಅನುಮಾನ ಮೊದಲು. ಆಮೇಲೆ ಅವನು ಕೈಮುಗಿದು ನಿಂತದ್ದು ಕಂಡಿತು. "ಆಯ್ತು, ವರ್ಷದ ಕೊನೆಗೆ ಇಟ್ಕೊಳ್ತೀನಿ. ಆದ್ರೆ ಬಿಡೋಕಾಗಲ್ಲ, ಪರೀಕ್ಷೆಗೆ ಬರುತ್ತೆ."

ವರ್ಷದ ಕೊನೆ! ಬೇಕರಿಯವನಿಗೆ ಮಿಸ್ಸಿನ ಕಾಲಿಗೆ ಬೀಳೋಣ ಅನ್ನಿಸಿತು. ಹೋದ ಜೀವ ಬಂದವನ ಹಾಗೆ ಮನೆಯ ಮೆಟ್ಟಿಲು ಹತ್ತಿದ. ಬಾಗಿಲು ತೆಗೆದರೆ, ಬನ್ನಮ್ಮ ನೆಲದ ಮೇಲೆ ಬೋರಲಾಗಿ ಮಲಗಿದ್ದಾಳೆ, ಮುಂದೆ ಗಣಿತದ ಹೊಸ ಪುಸ್ತಕ. ಅವಳ ಸೋದರತ್ತೆಯೇ ಅಂಗಡಿಯಿಂದ ತಂದುಕೊಟ್ಟಿದ್ದಳು. ಮೊದಲ ಪುಟವಿಲ್ಲ, ಎರಡನೇ ಪುಟವಿಲ್ಲ, ನೇರ ಗಡಿಯಾರ.

"ಅಪ್ಪಾ! ಇದು ಈ ವರ್ಷವೇ ಇದೆ!"

ಆ ಮುಖ ನೋಡಬೇಕಿತ್ತು ನೀವು. ಅವನಿಗೆ ನೋಡಲಾಗಲಿಲ್ಲ. ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದ. ಅಲ್ಲಿ ಅಕ್ಕ ಒಲೆಯ ಮುಂದೆ ನಿಂತಿದ್ದಳು.

"ಹೇಳ್ಬಿಡೋ," ಅಂದಳು ಅಕ್ಕ, ದನಿ ತಗ್ಗಿಸಿ. "ನಾನೂ ನಿನ್ನ ಜೊತೆ ಸೇರಿ ಬಾಯಿಗೆ ಬೀಗ ಹಾಕ್ಕೊಂಡು ಕೂತೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಇನ್ನೂ ಎಷ್ಟು ದಿನ?"

"ಶಾಲೆ ಶುರು ಆಗ್ಲಿ, ಹೊಂದ್ಕೊಳ್ಲಿ. ಆಮೇಲೆ."

"ನಿಂದು ಬರೀ ಆದ ಮೇಲೆ, ಆದ ಮೇಲೆ! ಆ ಮಗು ಏನು ಹಿಟ್ಟಾ, ಉಬ್ಬೋವರೆಗೆ ಕಾಯೋಕೆ?"

ಅಕ್ಕ ಸೌಟು ಕುಕ್ಕಿ ಹೊರಗೆ ಹೋದಳು. ಅವನು ಅಲ್ಲೇ ಕೂತ. ಹೇಳಬೇಕು ಅಂತ ಅವನಿಗೆ ಗೊತ್ತಿಲ್ಲ ಅಂದುಕೊಂಡಿರಾ? ದಿನಾ ಹಿಟ್ಟು ನಾದುವಾಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಮಗಳೇ, ಅಮ್ಮ ಬರಲ್ಲ. ಮೂರೇ ಮಾತು, ಎಷ್ಟು ಸುಲಭ! ಮನೆಗೆ ಬಂದು ಆ ಮುಖ ಕಂಡರೆ ಬಾಯಿಗೆ ಬೇರೇನೋ ಬರುತ್ತಿತ್ತು. "ಊಟ ಆಯ್ತಾ?" ಬರುತ್ತಿತ್ತು. "ಹಲ್ಲುಜ್ಜಿದ್ಯಾ?" ಬರುತ್ತಿತ್ತು.

ಆಮೇಲೆ ಅವನು ಮಾಡಿದ ಕೆಲಸ ಕೇಳಿದರೆ ನೀವು ತಲೆ ಚಚ್ಚಿಕೊಳ್ಳುತ್ತೀರಿ. ಮೊದಲು ಮನೆಯ ಗಡಿಯಾರ ಇಳಿಸಿದ, ಕೆಟ್ಟಿದೆ, ರಿಪೇರಿಗೆ ಕೊಡಬೇಕು ಅಂತ. ಮಗಳು ಶಾಲೆ ಬಿಟ್ಟ ಮೇಲೆ ಬೇಕರಿಗೆ ಬಂದು ಮೈದಾ ಮೂಟೆಯ ಮೇಲೆ ಕೂರುತ್ತಿದ್ದಳು, ಅಲ್ಲಿಯ ಗಡಿಯಾರಕ್ಕೆ ಖಾಲಿ ಗೋಣಿಚೀಲ ಹೊದಿಸಿದ. ಬೇಕರಿಯ ಯಜಮಾನರು ಬಂದು ನೋಡಿ, "ಏನಯ್ಯಾ, ಗಡಿಯಾರಕ್ಕೆ ಚಳಿ ಜ್ವರವಾ?" ಅಂತ ಕಿತ್ತೆಸೆದರು. ಕಡೆಗೆ ಒಂದು ಭಾನುವಾರ, ಬನ್ನಮ್ಮ ಸ್ನಾನಕ್ಕೆ ಹೋದಾಗ, ಚಿಟಿಕೆ ಮೈದಾಕ್ಕೆ ನೀರು ಹಾಕಿ ಕುದಿಸಿ ಅಂಟು ಮಾಡಿ, ಗಣಿತ ಪುಸ್ತಕದ ಗಡಿಯಾರದ ಹಾಳೆಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ, ಮೇಲೆ ಬ್ರೆಡ್ಡಿನ ಅಚ್ಚು ಹೇರಿಟ್ಟ. ಅಲ್ಲ ಸ್ವಾಮಿ, ಪುಸ್ತಕ ಅಂಟಿಸಿದರೆ ಹೊತ್ತು ನಿಲ್ಲುತ್ತದೆಯೇ? ಆದರೆ ಹತಾಶೆ ಹತ್ತಿದ ಮನುಷ್ಯನಿಗೆ ಇದನ್ನೆಲ್ಲ ಯಾರು ಹೇಳಬೇಕು?

ಬನ್ನಮ್ಮ ಅತ್ತೆಗೂ ಹೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಪುಸ್ತಕವನ್ನು ನೇರ ಮಿಸ್ಸಿನ ಹತ್ತಿರ ಒಯ್ದಳು. ಮಾರನೇ ದಿನವೇ ಬೇಕರಿಗೆ ಶಾಲೆಯಿಂದ ಫೋನು ಬಂತು.

ಅದೇ ಕೋಣೆ, ಅದೇ ಬೆಂಚು. ಮಕ್ಕಳೆಲ್ಲ ಆಟಕ್ಕೆ ಹೋಗಿದ್ದರು. ಮಿಸ್ಸು ಪುಸ್ತಕವನ್ನು ಅವನ ಮುಂದಿಟ್ಟರು. ಗಡಿಯಾರದ ಪಾಠ ರಟ್ಟಿನ ಹಾಗೆ ಗಟ್ಟಿಯಾಗಿತ್ತು.

"ಇದು ನಿಮ್ಮ ಕೆಲಸ ತಾನೇ?"

ಅವನು ತಲೆ ತಗ್ಗಿಸಿದ.

"ಬಿಸಿನೀರಿನ ಹಬೆಗೆ ಹಿಡಿದು ಬಿಡಿಸೋಕೆ ನೋಡಿದ್ದಾಳೆ, ಹರಿದಿದೆ. ನನ್ನ ಹತ್ರ ಬಂದು ಏನಂದಳು ಗೊತ್ತಾ? ಮಿಸ್, ಈ ಪಾಠ ಮೊದಲು ಮಾಡಿ, ನಮ್ಮಮ್ಮ ಕಾಯ್ತಿದ್ದಾಳೆ ಅಂದಳು." ಮಿಸ್ಸಿನ ಗಡಸು ದನಿ ಅಲ್ಲಿಗೆ ನಿಂತಿತು. "ಕಾಯ್ತಿದ್ದಾಳೆ ಅಂದ್ರೆ ಏನು? ಅವರೆಲ್ಲಿದ್ದಾರೆ?"

ಮೂರು ವರ್ಷ ಅಕ್ಕನ ಹೊರತು ಯಾರ ಹತ್ತಿರವೂ ಆಡದ ಮಾತು ಆ ಪುಟ್ಟ ಬೆಂಚಿನ ಮೇಲೆ ಹೊರಗೆ ಬಂತು. ಆಸ್ಪತ್ರೆ, ಬಾಗಿಲಲ್ಲಿ ನಿಂತು ಕೇಳಿದ ಮಗು, ಬಾಯಿಗೆ ಬಂದ ಉತ್ತರ, ಎಲ್ಲ. ಹೇಳುತ್ತ ಹೇಳುತ್ತ ಅತ್ತ. ದೊಡ್ಡ ಗಂಡಸು, ಮೊಣಕೈಯಲ್ಲಿ ಮೂಗು ಒರೆಸಿಕೊಂಡು ಅತ್ತ. ಮಿಸ್ಸು ಬಾಗಿಲು ಮುಚ್ಚಿ ಬಂದು ಅವನೆದುರಿನ ಬೆಂಚಿನಲ್ಲಿ ಕೂತರು.

"ನೀವೇ ಹೇಳ್ಬಿಡಿ ಮಿಸ್," ಅಂದ. "ನಿಮ್ಮ ಮಾತು ಅಂದ್ರೆ ಅವಳಿಗೆ ವೇದವಾಕ್ಯ. ನಿಮ್ಮ ದಮ್ಮಯ್ಯ."

"ನಾನು ಹೇಳಿದ್ರೆ, ಅಪ್ಪ ಯಾಕೆ ಹೇಳಲಿಲ್ಲ ಅಂತ ಜನ್ಮಪೂರ್ತಿ ಕೇಳ್ತಾಳೆ." ಮಿಸ್ಸು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. "ನಾನು ಪಾಠ ಹಿಂದೆ ಹಾಕಬಲ್ಲೆ, ಅಷ್ಟೇ. ನೀವು ಇವತ್ತೇ ಹೇಳಿ. ಹೇಗೆ ಹೇಳಿದ್ರೂ ಪರವಾಗಿಲ್ಲ, ತಪ್ಪು ತಪ್ಪಾಗಿ ಹೇಳಿದ್ರೂ ಪರವಾಗಿಲ್ಲ. ನಿಮ್ಮ ಬಾಯಲ್ಲೇ ಹೇಳಿ."

ಅವನು ಬೇಕರಿಗೆ ವಾಪಸು ಬಂದ. ಮಧ್ಯಾಹ್ನದ ಹಿಟ್ಟು ಕಾಯುತ್ತಿತ್ತು. ತೂಗಿ, ತುಂಡು ಮಾಡಿ, ಉರುಳಿಸಿ, ಅಚ್ಚಿಗೆ ಹಾಕಿ, ಓವನ್ನಿಗೆ ತಳ್ಳಿದ. ಇವತ್ತೇ. ಅವಳು ಬರುತ್ತಿದ್ದ ಹಾಗೇ. ಊಟ ಆಯ್ತಾ ಅಂತ ಕೇಳಬಾರದು, ಬ್ಯಾಗು ಇಳಿಸಿಕೊಳ್ಳಬಾರದು, ಬನ್ನು ಕೊಡಬಾರದು, ಮೊದಲು ಹೇಳಬೇಕು. ದೇವರೇ, ಒಂದು ಸಲ ಬಾಯಿ ತೆರೆಸು ಸಾಕು.

ಬನ್ನಮ್ಮ ಬಂದಳು. ಅವನು ಬಾಯಿ ತೆರೆಯುವ ಮುಂಚೆ ಅವಳೇ ಕೈಯೆತ್ತಿ ತಡೆದಳು. ಮೂಟೆ ಹತ್ತಿ, ನೆಟ್ಟಗೆ ನಿಂತು, ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿದಳು.

"ಚಿಕ್ಕ ಮುಳ್ಳು ನಾಲ್ಕರ ಹತ್ರ ಹೋಗ್ತಾ ಇದೆ, ಇನ್ನೂ ತಲುಪಿಲ್ಲ. ದೊಡ್ಡ ಮುಳ್ಳು ಹತ್ತರ ಮೇಲಿದೆ. ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ."

ಸರಿಯಾಗಿತ್ತು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಯಾರು... ಯಾರು ಹೇಳ್ಕೊಟ್ರು?"

"ಎಲ್ಲರೂ!" ಅವಳಿಗೆ ನಗು ತಡೆಯಲಾಗಲಿಲ್ಲ. "ಬ್ರೆಡ್ಡು ತಗೊಳ್ಳೋಕೆ ಬರೋರನ್ನೆಲ್ಲ ಟೈಮೆಷ್ಟು ಟೈಮೆಷ್ಟು ಅಂತ ಕೇಳೋದು, ಆಮೇಲೆ ಗಡಿಯಾರ ನೋಡೋದು. ಔಷಧಿ ಅಂಗಡಿ ಅಜ್ಜ ಅಂತೂ ದಿನಾ ಹೇಳ್ತಾರೆ. ನಿಂಗೆ ಗೊತ್ತಾಗ್ಲೇ ಇಲ್ಲ ಅಲ್ವಾ? ನೀನು ಓವನ್ ಕಡೆ ತಿರುಗಿದಾಗ ಕೇಳ್ತಿದ್ದೆ."

ಇವನು ಪುಸ್ತಕ ಅಂಟಿಸುತ್ತ ಕೂತಿದ್ದ. ಅಲ್ಲಿ ಇಡೀ ಬೀದಿಯೇ ಅವನ ಬೆನ್ನ ಹಿಂದೆ ಮಗಳಿಗೆ ಪಾಠ ಹೇಳಿಕೊಟ್ಟಿತ್ತು.

ಬನ್ನಮ್ಮ ಮೂಟೆಯಿಂದ ಧುಮುಕಿ ಅವನ ಏಪ್ರನ್ ಹಿಡಿದು ಜಗ್ಗಿದಳು. "ಈಗ ಹೇಳು. ಎಷ್ಟು ಗಂಟೆಗೆ?"

ಅವನು ಮಂಡಿಯೂರಿ ಕೂತ. ಮುಖಕ್ಕೆ ಮುಖ ಸಮ ಬಂತು.

"ಅಮ್ಮ ಬರಲ್ಲ ಬನ್ನಮ್ಮ."

ಅವಳ ನಗು ಪೂರ್ತಿ ಹೋಗಲಿಲ್ಲ, ಅರ್ಧಕ್ಕೆ ನಿಂತಿತು. ತಿರುಗಿ ಗಡಿಯಾರ ನೋಡಿದಳು. "ತಪ್ಪು ಹೇಳಿದ್ನಾ?"

"ಇಲ್ಲ ಕಂದಾ. ಸರಿಯಾಗೇ ಹೇಳಿದೆ."

"ಮತ್ತೆ?"

"ಅಮ್ಮ ಸತ್ತುಹೋದಳು. ಆಸ್ಪತ್ರೆಯಲ್ಲೇ, ನೀನು ಚಿಕ್ಕೋಳಿದ್ದಾಗ. ಸತ್ತೋರು ವಾಪಸ್ ಬರಲ್ಲ. ನಾನು ನಿಂಗೆ ಸುಳ್ಳು ಹೇಳಿದ್ದೆ."

ಹೇಳಿಬಿಟ್ಟ. ಹೇಳಿದ ಮೇಲೆ ಹಗುರವಾಗುತ್ತದೆ ಅನ್ನುತ್ತಾರಲ್ಲ, ಎಲ್ಲಿಯ ಹಗುರ? ಕರುಳನ್ನೇ ಕೈಯಾರೆ ಕಿತ್ತು ಹೊರಗಿಟ್ಟ ಹಾಗಾಯಿತು. ಬನ್ನಮ್ಮ ಅಳಲಿಲ್ಲ. ಕೆಳತುಟಿ ಕಚ್ಚಿಕೊಂಡು ಯೋಚನೆ ಮಾಡಿದಳು, ಮನಸ್ಸಿನಲ್ಲೇ ಲೆಕ್ಕ ಮಾಡುವ ಹಾಗೆ.

"ಗುಣಾಕಾರ ಕಲಿತ್ರೆ?"

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.  ಗುಣಾಕಾರ ಮೂರನೇ ಕ್ಲಾಸಿಗೆ. ಇನ್ನೂ ಒಂದು ಪೂರ್ತಿ ವರ್ಷ! ಹ್ಞೂಂ ಅಂದರೆ ಸಾಕು, ಈ ಮುಖ ಮತ್ತೆ ಅರಳುತ್ತದೆ, ರಾತ್ರಿ ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ, ಬೆಳಿಗ್ಗೆ ಕುಣಿಯುತ್ತ ಶಾಲೆಗೆ ಹೋಗುತ್ತಾಳೆ. ಹ್ಞೂಂ ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಆ ನಾಲಿಗೆಯನ್ನು ರಕ್ತ ಬರುವ ಹಾಗೆ ಕಚ್ಚಿದ.

"ಇಲ್ಲ."

"ಭಾಗಾಕಾರ?"

"ಇಲ್ಲ ಕಂದಾ."

"ನಾಲ್ಕನೇ ಕ್ಲಾಸಿನ ಎಲ್ಲಾ ಪಾಠ? ಒಂದೂ ತಪ್ಪಿಲ್ದೆ?"

"ಏನು ಕಲಿತ್ರೂ ಬರಲ್ಲ ಮಗಳೇ. ಯಾರು ಕಲಿತ್ರೂ ಬರಲ್ಲ."

ಒಳಗೆ ಬ್ರೆಡ್ಡು ಹೊತ್ತಿದ ವಾಸನೆ ಬಂತು. ಇಪ್ಪತ್ತು ವರ್ಷದಲ್ಲಿ ಒಂದು ಟ್ರೇಯನ್ನೂ ಸೀಯಿಸದ ಮನುಷ್ಯ ಕೂತಲ್ಲಿಂದ ಅಲುಗಲಿಲ್ಲ. ಯಜಮಾನರು ಬಿರುಗಾಳಿಯ ಹಾಗೆ ಒಳಗೆ ನುಗ್ಗಿ, ಬೈಯಲು ಬಾಯಿ ತೆರೆದು, ಅಪ್ಪ ಮಗಳನ್ನು ನೋಡಿ ಬಾಯಿ ಮುಚ್ಚಿಕೊಂಡರು. ಬಟ್ಟೆ ಸುತ್ತಿಕೊಂಡು ತಾವೇ ಟ್ರೇಗಳನ್ನು ಹೊರಗೆ ಎಳೆಯತೊಡಗಿದರು.

ಬನ್ನಮ್ಮ ಅಪ್ಪನ ಏಪ್ರನ್ನಿನಿಂದ ಕೈ ಬಿಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. 

"ಹಾಗಾದ್ರೆ ನಾನು ಯಾಕೆ ಕಲಿತೆ?"

ಇದಕ್ಕೆ ಏನು ಹೇಳುತ್ತೀರಿ ಹೇಳಿ. ಪರೀಕ್ಷೆಗೆ ಬರುತ್ತೆ ಅನ್ನುತ್ತೀರಾ? ಮುಂದೆ ಉಪಯೋಗಕ್ಕೆ ಬರುತ್ತೆ ಅನ್ನುತ್ತೀರಾ? ಬೇಕರಿಯವನು ಎರಡೂ ಕೈ ಚಾಚಿದ. ಅವಳು ಆ ಕೈಗಳ ಒಳಗೆ ಬಂದದ್ದು ತಬ್ಬಿಕೊಳ್ಳಲು ಅಲ್ಲ. ಮುಷ್ಟಿ ಕಟ್ಟಿ ಅವನ ಎದೆಗೆ, ಭುಜಕ್ಕೆ, ಕೆನ್ನೆಗೆ ಸಿಕ್ಕಸಿಕ್ಕಲ್ಲಿ ಗುದ್ದಿದಳು. ಗುದ್ದುತ್ತಲೇ ಜೋರಾಗಿ ಅತ್ತಳು, ಮೂರು ವರ್ಷದಲ್ಲಿ ಮೊದಲ ಸಲ ಅಮ್ಮಾ ಅಂತ ಅತ್ತಳು. ಅವನು ತಡೆಯಲಿಲ್ಲ. ಮೈದಾ ಬಿದ್ದ ನೆಲದ ಮೇಲೆ ಹಾಗೇ ಮಂಡಿಯೂರಿಕೊಂಡು, "ಹೊಡಿ ಮಗಳೇ, ಹೊಡಿ" ಅನ್ನುತ್ತ ಕೂತ.